ಪುಟ್ಟಲಿಂಗನ ಹಿತ್ತಲೂ ಊರೆಲ್ಲ ಓದಿದ ಬ್ಲಾಗೂ

ಬನ್ನಿ, ಹತ್ತಿರ ಕೂತ್ಕೊಳ್ಳಿ. ನಗು ಬಂದರೆ ನಗಿ, ಅಡ್ಡಿಯಿಲ್ಲ. ಗೌರಾಜಮ್ಮ ಈ ಕಡೆ ಬಂದರೆ ಮಾತ್ರ ಬಾಯಿ ಮುಚ್ಚಿಕೊಳ್ಳಿ. ಪಾಪ, ಆಕೆಯ ಮಗನ ಕತೆ ಇದು.

ಗೌರಾಜಮ್ಮನಿಗೆ ಒಬ್ಬನೇ ಮಗ, ಪುಟ್ಟಲಿಂಗ. ಆಳು ಎತ್ತರ, ಮನಸ್ಸು ಬೆಣ್ಣೆ, ಬುದ್ಧಿ ಮಾತ್ರ ರಜೆಯ ಮೇಲೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಯಾವಾಗ ಮಾಡಬೇಕು, ಯಾವುದಕ್ಕೆ ಮಾಡಬೇಕು, ಅದು ಮಾತ್ರ ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಅವನ ಹೆಸರು ಕೇಳಿಬಂದರೆ ಹಿಂದೆಯೇ ಬೈಗುಳ ಬರುತ್ತಿತ್ತು. "ಒಂದೇ ಒಂದು ಸಲ ನನ್ನ ಮಗನ್ನ ಯಾರಾದ್ರೂ ಹೊಗಳಿದ್ದನ್ನ ಕಿವಿಯಾರೆ ಕೇಳ್ಬಿಟ್ರೆ ಸಾಕು" ಎಂದು ಗೌರಾಜಮ್ಮ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಊರಿನಲ್ಲಿ ತೋಟದ ವಿನ್ಯಾಸದ ಸ್ಪರ್ಧೆ ಅಂತ ಡಂಗುರವಾಯಿತು. ಪುಟ್ಟಲಿಂಗನ ಗೆಳೆಯ ಲೋಕೇಶ, ಗೆಳತಿ ಶಾಂತಲ, ಇಬ್ಬರೂ ಓಡಿಬಂದರು. ಶಾಂತಲ ನಕ್ಷೆ ಬರೆದಳು. ಗೌರಾಜಮ್ಮನ ಹಿತ್ತಲಿನ ನಡುವೆ ಚೆಂಡುಹೂವಿನ ಮಂಡಲ, ಸುತ್ತ ದಂಟಿನ ಸೊಪ್ಪಿನ ಅಂಚು, ಬೇಲಿಗೆ ಅವರೆ ಬಳ್ಳಿ, ಮೂಲೆಯ ನೆರಳಲ್ಲಿ ಗೊಬ್ಬರದ ಗುಂಡಿ. ಲೋಕೇಶ ಒಂದು ಬ್ಲಾಗು ಶುರುಮಾಡಿದ. ತೋಟ ಬೆಳೆದ ಹಾಗೆ ಬ್ಲಾಗೂ ಬೆಳೆಯಬೇಕು, ಊರೆಲ್ಲ ಓದಬೇಕು!

"ಬರೆಯೋರು ಯಾರು?" ಅಂದಳು ಶಾಂತಲ.

"ನಮ್ಮ ಲಿಂಗ ಟೈಪಿಂಗ್ ಕಲಿತವನಲ್ವಾ! ಲೋ ಲಿಂಗ, ಆದದ್ದನ್ನ ಆದ ಹಾಗೇ ಬರಿ. ಸುಳ್ಳು ಸೇರಿಸ್ಬೇಡ."

"ಆಯ್ತಪ್ಪ, ಹಾಗೇ ಮಾಡ್ತೀನಿ" ಅಂದ ಪುಟ್ಟಲಿಂಗ.

ಮೊದಲ ಕೆಲಸ ಚೆಂಡುಹೂವಿನ ಸಸಿ ತರುವುದು. ಹೋದ, ಸಸಿ ಕೊಂಡ, ಬೇರಿನ ಮಣ್ಣನ್ನೆಲ್ಲ ಕೊಡವಿ ಜೇಬಿಗೆ ತುರುಕಿಕೊಂಡು ಉರಿಬಿಸಿಲಲ್ಲಿ ಬಂದ. ತೆಗೆದರೆ ಸಸಿಯೆಲ್ಲ ಬಾಡಿ ಬತ್ತಿ ಹೋಗಿದೆ!

"ಅಯ್ಯೋ ನನ್ನ ಕರ್ಮವೇ!" ಅಂದಳು ಗೌರಾಜಮ್ಮ. "ಹಸಿಮಣ್ಣು ಮೆತ್ತಿ, ಒದ್ದೆ ಗೋಣಿ ಸುತ್ತಿ, ತಲೆ ಮೇಲೆ ಹೊತ್ಕೊಂಡು ತರ್ಬೇಕು ಕಣೋ!"

"ಆಯ್ತಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ."

ಸಂಜೆ ಬ್ಲಾಗಿನಲ್ಲಿ ಬರೆದ: "ಸಸಿ ಜೇಬಿನಲ್ಲಿ ತಂದೆ. ಸತ್ತವು. ಅಮ್ಮ ಬೈದಳು." ಆದದ್ದನ್ನು ಆದ ಹಾಗೆ!

ಮಾರನೆಯ ದಿನ ಬೇರೆ ಸಸಿಯನ್ನು ಶಾಂತಲ ತಾನೇ ತಂದು ನೆಟ್ಟಳು. ಲೋಕೇಶ ಪುಟ್ಟಲಿಂಗನನ್ನು ತನ್ನ ಸೋದರಮಾವನ ಮನೆಗೆ ಕಳಿಸಿದ. "ಫೋಟೊ ತೆಗೀಬೇಕು, ಮಾವನ ಕ್ಯಾಮೆರಾ ಇಸ್ಕೊಂಡ್ ಬಾ. ಜೋಪಾನ!"

ಜೋಪಾನ ಅಂದ ಮೇಲೆ ಬಿಡುತ್ತಾನೆಯೇ? ಕ್ಯಾಮೆರಾಕ್ಕೆ ಹಸಿಮಣ್ಣು ಮೆತ್ತಿದ. ಒದ್ದೆ ಗೋಣಿ ಸುತ್ತಿದ. ತಲೆಯ ಮೇಲೆ ಹೊತ್ತು ತಂದ. ಕೆನ್ನೆಯ ಮೇಲೆಲ್ಲ ಕೆಸರು ಇಳಿಯುತ್ತಿದೆ, ಇವನ ಮುಖದಲ್ಲಿ ಹೆಮ್ಮೆ!

ಲೋಕೇಶ ತಲೆತಲೆ ಚಚ್ಚಿಕೊಂಡ. "ಮಾವ ನನ್ನ ಚರ್ಮ ಸುಲೀತಾರಲ್ಲೋ! ಇಂಥದ್ದನ್ನ ಚೆನ್ನಾಗಿ ಒರೆಸ್ಬೇಕು, ಬಿಸಿಲಿಗೆ ಇಡ್ಬೇಕು, ಆಮೇಲೆ ಅಕ್ಕಿ ಡಬ್ಬದೊಳಗೆ ಹೂತಿಡ್ಬೇಕು! ಆಗ ತೇವ ಹೋಗುತ್ತೆ!"

"ಆಯ್ತು ಲೋಕೇಶ, ಇನ್ಮೇಲೆ ಹಾಗೇ ಮಾಡ್ತೀನಿ."

ಸಂಜೆ ಬ್ಲಾಗಿನಲ್ಲಿ ಬರೆದ: "ಕ್ಯಾಮೆರಾ ಮಣ್ಣಲ್ಲಿ ತಂದೆ. ಫೋಟೊ ಇಲ್ಲ. ಲೋಕೇಶ ಬೈದ." ಓದಿದವರು ಇನ್ನೊಬ್ಬರಿಗೆ ಓದಿಹೇಳಿದರು. ಬಸ್ ಸ್ಟಾಂಡಿನಲ್ಲಿ, ಸಲೂನಿನಲ್ಲಿ, ಎಲ್ಲೆಲ್ಲೂ ಅದೇ ಮಾತು.

ಆಮೇಲೆ ಶಾಂತಲ ಎರೆಹುಳು ತರೋಕೆ ಕಳಿಸಿದಳು. ಗೊಬ್ಬರದ ಗುಂಡಿಗೆ ಬೇಕಿತ್ತು. ಪುಟ್ಟಲಿಂಗ ತಂದ. ಒಂದೊಂದನ್ನೇ ಟವೆಲಿನಲ್ಲಿ ಒರೆಸಿದ. ಒಂದು ಗಳಿಗೆ ಬಿಸಿಲಿಗೆ ಇಟ್ಟ. ಆಮೇಲೆ ತೆಗೆದುಕೊಂಡು ಹೋಗಿ ಅಮ್ಮನ ಅಕ್ಕಿ ಡಬ್ಬದೊಳಗೆ ಹೂತಿಟ್ಟ.

ರಾತ್ರಿ ಅಡುಗೆಗೆ ಅಕ್ಕಿ ತೆಗೆಯಲು ಗೌರಾಜಮ್ಮ ಕೈ ಹಾಕಿದಳು. ಆಕೆ ಕಿರುಚಿದ ರಭಸಕ್ಕೆ ಅಟ್ಟದ ಮೇಲಿನ ಬೆಕ್ಕು ಕೆಳಗೆ ಬಿತ್ತು!

"ಅಯ್ಯೋ ಹಾಳಾದೋನೇ! ಜೀವ ಇರೋದಕ್ಕೆ ತಂಪು ಬೇಕು ಕಣೋ! ನೆರಳಲ್ಲಿ ಗುಂಡಿಗೆ ಇಳಿಸ್ಬೇಕು, ಮೇಲೆ ಸಗಣಿ ನೀರು ಹುಯ್ಬೇಕು!"

"ಆಯ್ತಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ."

ಇಷ್ಟೆಲ್ಲ ಆದರೂ ತೋಟ ಬಂತು ನೋಡಿ! ಚೆಂಡುಹೂ ಅರಳಿತು, ದಂಟು ಕೆಂಪಾಗಿ ನಿಂತಿತು, ಬೇಲಿಯ ತುಂಬ ಅವರೆ ಹೂ. ಗೌರಾಜಮ್ಮ ದಿನವೂ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಈ ಸಲ ಹೊಗಳಿಕೆ ಬಂದೇ ಬರುತ್ತದೆ ಎಂದು ಆಕೆಗೆ ಆಸೆ ಹುಟ್ಟಿತ್ತು.

ತೀರ್ಪುಗಾರರು ವಾರಿಜ ಮೇಡಂ ನಡುಮಧ್ಯಾಹ್ನ ಬಂದರು. ಬಾಗಿಲಲ್ಲಿ ಪುಟ್ಟಲಿಂಗ ಒಬ್ಬನೇ. ಬೆವರು ಒರೆಸಿಕೊಳ್ಳುತ್ತ, "ಏನ್ ಬಿಸಿಲಪ್ಪ, ಜೀವ ಒಂದಿದೆ ಅಷ್ಟೇ!" ಅಂದರು.

"ಜೀವ ಇದೆಯಾ ಮೇಡಂ? ಹಾಗಾದ್ರೆ ಬನ್ನಿ!" ನೆರಳಿಗೆ ಕರೆದುಕೊಂಡು ಹೋದ. "ಇಳೀರಿ ಮೇಡಂ, ತಂಪಾಗಿದೆ" ಅಂದ. ಗೊಬ್ಬರ ತೋರಿಸುತ್ತಾನೇನೋ ಅಂತ ಆಕೆ ಗುಂಡಿಗೆ ಇಳಿದರು. ಬಕೆಟ್ ಎತ್ತಿದ. ಸಗಣಿ ನೀರು ಹುಯ್ದೇಬಿಟ್ಟ!

ಗೌರಾಜಮ್ಮ ಓಡಿಬಂದು ಆಕೆಯ ಕಾಲಿಗೆ ಬಿದ್ದಳು. ಆದರೆ ಮೇಡಂ ಮುಖ ಒರೆಸಿಕೊಂಡು ನಕ್ಕರು. "ಬ್ಲಾಗ್ ಬರೆಯೋನು ಇವನೇ ತಾನೇ? ದಿನಾ ಓದ್ತೀನಿ. ಎದ್ದೇಳಿ ಅಮ್ಮ, ಸೀರೆ ಬದಲಾಯಿಸ್ಕೊಂಡು ನಾಳೆ ಬೆಳಿಗ್ಗೆ ಬರ್ತೀನಿ" ಅಂದು ಹೋದರು.

ಎಂಥ ಪುಣ್ಯಾತ್ಗಿತ್ತಿ! ಗೌರಾಜಮ್ಮ ಮಗನ ಕಿವಿ ಹಿಂಡಿದಳು. "ನಾಳೆ ಒಂದು ದಿನ ಸರಿಯಾಗಿರೋ ನನ್ನಪ್ಪ! ಮನೆಗೆ ಬಂದವರಿಗೆ ಬಾಗಿಲು ತೆಗೀಬೇಕು, ಕಾಲಿಗೆ ನೀರು ಕೊಡ್ಬೇಕು, ಬನ್ನಿ ಬನ್ನಿ ಅನ್ಬೇಕು, ಹೊಟ್ಟೆ ತುಂಬ ತಿನ್ನಿಸಿ ಕಳಿಸ್ಬೇಕು!"

"ಆಯ್ತಮ್ಮ, ಹಾಗೇ ಮಾಡ್ತೀನಿ."

ಬೆಳಗಾಯಿತು. ಗೌರಾಜಮ್ಮ ಒಳಗೆ ಕೇಸರಿಬಾತು ತಿರುವುತ್ತಿದ್ದಾಳೆ. ಲೋಕೇಶ, ಶಾಂತಲ ಬೀದಿಯ ತುದಿಯಲ್ಲಿ ಮೇಡಂಗೆ ಕಾಯುತ್ತಿದ್ದಾರೆ. ಇತ್ತ ಗೇಟಿನ ಹತ್ತಿರ ಬಂದು ನಿಂತಿತು ಹಾಲಿನವನ ಹಸು!

ಪುಟ್ಟಲಿಂಗ ಬಾಗಿಲು ತೆಗೆದ. ಕಾಲು ತೊಳೆದ, ನಾಲ್ಕನ್ನೂ. "ಬನ್ನಿ ಬನ್ನಿ" ಅಂತ ಹಿತ್ತಲಿಗೆ ಕರೆದುಕೊಂಡು ಹೋದ. ದಂಟು ಕಿತ್ತು ಬಾಯಿಗೆ ಹಿಡಿದ. "ಸಂಕೋಚ ಪಡ್ಬೇಡಿ, ಇನ್ನೊಂಚೂರು" ಅಂತ ಅವರೆ ಬಳ್ಳಿ ಎಳೆದುಕೊಟ್ಟ. ಚೆಂಡುಹೂವನ್ನು ಹಸು ತಾನೇ ಬಗ್ಗಿ ತಿಂದಿತು.

ಮೇಡಂ ಬಂದು ನೋಡುತ್ತಾರೆ, ತೋಟ ಬಟಾಬಯಲು! ಲೋಕೇಶ ಕುಸಿದು ಕೂತ. ಶಾಂತಲ ಗಟ್ಟಿಯಾಗಿ ಅತ್ತೇಬಿಟ್ಟಳು. ಬೀದಿಯವರೆಲ್ಲ ಕಾಂಪೌಂಡಿನ ಮೇಲಿಂದ ಇಣುಕಿದರು. ಮೇಡಂ ಪುಟ್ಟಲಿಂಗನನ್ನು ಕೇಳಿ ನಡೆದದ್ದು ತಿಳಿದುಕೊಂಡರು, ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಗೌರಾಜಮ್ಮನ ಕೈ ಹಿಡಿದರು.

"ಬಹುಮಾನ ಕೊಡೋಣ ಅಂದ್ರೆ ತೋಟವೇ ಇಲ್ಲವಲ್ಲಮ್ಮ. ಆದ್ರೆ ಬಂದವರನ್ನ ಇಷ್ಟು ಪ್ರೀತಿಯಿಂದ ನೋಡ್ಕೊಳ್ಳೋ ಹುಡುಗನ್ನ ನಾನು ಕಂಡಿಲ್ಲ. ನಿಮ್ಮ ಮಗ ಚಿನ್ನ!"

ಬೀದಿಯೆಲ್ಲ ಕೇಳಿತು. ಗೌರಾಜಮ್ಮನೂ ಕೇಳಿದಳು. ತೋಟ ಹೋದದ್ದಕ್ಕೆ ಅತ್ತಳೋ, ಮಾತು ಬಂದದ್ದಕ್ಕೆ ಅತ್ತಳೋ, ಆಕೆಗೇ ಗೊತ್ತಾಗಲಿಲ್ಲ. ಆ ಸಂತೋಷದಲ್ಲಿ ಮಗನಿಗೆ ಇನ್ನೊಂದು ಬುದ್ಧಿಮಾತು ಹೇಳಿದಳು. "ಮೇಡಂ ಹೊಗಳಿದ್ದನ್ನ ಬರಿಯೋ ಕಂದ. ಆ ಹಸುವಿನ ಹೆಸರು ಮಾತ್ರ ಎತ್ಬೇಡ, ಮಾನ ಹೋಗುತ್ತೆ!"

"ಆಯ್ತಮ್ಮ, ಹಾಗೇ ಮಾಡ್ತೀನಿ."

ಹಾಗೇ ಮಾಡಿದ. ಸಂಜೆ ಬ್ಲಾಗಿನಲ್ಲಿ ಬರೆದ:

"ಇವತ್ತು ವಾರಿಜ ಮೇಡಂ ಬರುವ ದಿನ. ಬೆಳಿಗ್ಗೆ ಬಾಗಿಲು ತೆಗೆದೆ. ನಾಲ್ಕೂ ಕಾಲು ತೊಳೆದೆ. ದಂಟು, ಅವರೆ, ಚೆಂಡುಹೂ ಎಲ್ಲ ತಿಂದರು. ಅಂಗಳದ ನಡುವೆ ಸಗಣಿ ಹಾಕಿದರು. ಆಮೇಲೆ ಮೇಡಂ ಅಮ್ಮನ ಕೈ ಹಿಡಿದು ನನ್ನನ್ನು ಹೊಗಳಿದರು."

ಊರೆಲ್ಲ ಓದಿತು. ಮೇಡಂ ದಿನಾ ಓದುವವರು, ಅವರೂ ಓದಿದರು.