ಗುಡಿಸಿ ಒಟ್ಟಿದ ತರಗೆಲೆ

“ಗುರುಗಳೇ, ನಾನು ಮಠ ಬಿಟ್ಟು ಹೋಗಲೇ?” ಎಂದು ಸಿದ್ಧವೀರ ಕೇಳಿದ. “ಬಂದ ಹೊಸತರಲ್ಲಿ ಮನಸ್ಸು ತುಂಬಿತ್ತು. ಈಗ ಮಕ್ಕಳಿಗೆ ಅಕ್ಷರ ಕಲಿಸುವುದು, ಕಾಯಿಲೆಯವರಿಗೆ ಗಂಜಿ ಕುಡಿಸುವುದು, ಇಂಥವನ್ನೆಲ್ಲ ಪಕ್ಕಕ್ಕಿಟ್ಟು ನನ್ನೊಳಗೆ ನೋಡಿಕೊಂಡರೆ ಏನೂ ಇಲ್ಲ. ಇಷ್ಟು ವರ್ಷ ಇದ್ದು ಬರಿದಾದೆ.”

ಅವನ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಇತ್ತು. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಕತೆ ಶುರುಮಾಡಿದರು.

ಒಬ್ಬ ರೈತನಿಗೆ ಒಂದು ಬೋಳು ಗುಡ್ಡವಿತ್ತು. ಅವನ ಹಿರಿಯರು ಅಲ್ಲಿನ ಕಾಡು ಕಡಿದು, ರಾಗಿ ಬಿತ್ತಿ ಬಿತ್ತಿ ನೆಲವನ್ನು ಸುಸ್ತು ಮಾಡಿಟ್ಟಿದ್ದರು. ಕಾಡು ಬಂದರೆ ಮಣ್ಣಿಗೆ ಜೀವ ಬರುತ್ತದೆ ಎಂದು ನಂಬಿ ರೈತ ಅಲ್ಲಿ ಹೊಂಗೆ, ಹೊನ್ನೆ, ನೇರಳೆ ನೆಟ್ಟ. ಊರವರು ನಕ್ಕರು. ಅವನು ಕೊಡದಲ್ಲಿ ನೀರು ಹೊತ್ತ.

ಮಣ್ಣಿನ ಸತ್ವ ನೋಡಲು ಆ ಊರಿನಲ್ಲಿ ಒಂದು ಕ್ರಮವಿತ್ತು. ನೆಲವನ್ನು ಚೊಕ್ಕವಾಗಿ ಗುಡಿಸಿ, ಮಣ್ಣು ಅಗೆದು ಮಡಕೆಗೆ ತುಂಬಿ, ರಾಗಿ ಚೆಲ್ಲುವುದು. ಪೈರು ಹೇಗೋ ಮಣ್ಣು ಹಾಗೆ. ಗಿಡ ನೆಟ್ಟ ವರ್ಷ ಪೈರು ಗೇಣುದ್ದ ಬಂದಿತ್ತು. ಮರಗಳು ಆಳೆತ್ತರ ದಾಟಿದ ಮೇಲೆ ನೋಡಿದರೆ ಅರ್ಧಕ್ಕೇ ನಿಂತಿತು. ಕೊಂಬೆಗೆ ಕೊಂಬೆ ತಾಗಿ ನೆರಳು ಕೂಡಿದ ಮೇಲೆ ನೋಡಿದರೆ ಹಳದಿಯಾಗಿ ಒರಗಿತು. ಆಯುಷ್ಯವೆಲ್ಲ ಸವೆಸಿ ಮಣ್ಣನ್ನು ನಾನೇ ಕೊಂದೆನೇ ಎಂದು ರೈತ ಊಟ ಬಿಟ್ಟ.

“ಅಣ್ಣಾ, ಈ ಮರಗಳು ಗುಡ್ಡದ ಸಾರಾನೆಲ್ಲ ಕುಡಿದುಬಿಟ್ಟಿವೆ. ಕಡಿದು ಸುಟ್ರೆ ಬೂದಿಯಾದ್ರೂ ಮಣ್ಣಿಗೆ ದಕ್ಕುತ್ತೆ” ಎಂದ ಅವನ ತಮ್ಮ.

ರೈತ ಒಪ್ಪಿದ. ಇಬ್ಬರೂ ಕೊಡಲಿ ಹಿಡಿದು ಗುಡ್ಡ ಹತ್ತಿದರು.

ಮಣ್ಣು ಅಗೆದ ಜಾಗದ ಪಕ್ಕದಲ್ಲಿ ರೈತ ತಾನೇ ಗುಡಿಸಿ ಒಟ್ಟಿದ್ದ ತರಗೆಲೆಯ ಗುಪ್ಪೆ ಇತ್ತು. ಮಡಕೆಗೆ ಚೆಲ್ಲುವಾಗ ಕೈತಪ್ಪಿ ಬಿದ್ದ ರಾಗಿ ಅದರ ಮೇಲೆ ಮೊಳೆತಿತ್ತು. ಅಂಥ ದಟ್ಟ ಹಸಿರನ್ನು ಅವನು ಯಾವ ಹೊಲದಲ್ಲೂ ಕಂಡಿರಲಿಲ್ಲ. ಗುಪ್ಪೆಯೊಳಗೆ ಕೈ ಹಾಕಿದ. ಕೆಳಗಿನ ಎಲೆಗಳು ಕೊಳೆತು ತಣ್ಣನೆಯ ಕರಿ ಹುಡಿಯಾಗಿದ್ದವು. ಮರಗಳ ಎಳೆ ಬೇರುಗಳು ನೆಲದಿಂದ ಮೇಲೆದ್ದು ಬಂದು ಆ ಹುಡಿಯಲ್ಲೇ ಊಟಕ್ಕೆ ಕೂತಿದ್ದವು.

ರೈತ ತಲೆಯೆತ್ತಿ ನೋಡಿದ. ಮಣ್ಣಿನ ಸಾರ ಎಲ್ಲಿಗೂ ಓಡಿಹೋಗಿರಲಿಲ್ಲ. ಕಾಂಡವಾಗಿ ನಿಂತಿತ್ತು. ಎಲೆಯಾಗಿ ಉದುರುತ್ತಿತ್ತು. ಉದುರಿದ್ದು ಮತ್ತೆ ಬೇರಿಗೆ ಸಿಗುತ್ತಿತ್ತು.

“ಎಂಥಾ ಸಂಸಾರ ಕಟ್ಟಿಬಿಟ್ರಪ್ಪಾ ನೀವು!” ಎಂದು ಮರಗಳಿಗೆ ಕೈಮುಗಿದ. ಕೊಡಲಿ ಬದಿಗಿಟ್ಟು, ನಾಚಿಕೊಂಡು, ಗುಪ್ಪೆಯನ್ನು ಎರಡೂ ಕೈಯಿಂದ ಮೊದಲಿನ ಜಾಗಕ್ಕೇ ಹರಡಿದ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಪಾಠಕ್ಕೆ ಬಂದ ಮಕ್ಕಳು ಸಿದ್ಧವೀರನನ್ನು ಕೂಗುತ್ತಿದ್ದರು. ಅವನ ಕಣ್ಣು ಬಾಗಿಲ ಬಳಿಯ ಗಂಟಿನ ಮೇಲಿತ್ತು.

“ಒಳಗೆ ನೋಡಿಕೊಳ್ಳುವ ಮುಂಚೆ ನೀನು ಪಕ್ಕಕ್ಕೆ ಗುಡಿಸಿದ್ದು ಏನನ್ನು, ಸಿದ್ಧವೀರ?”