ಮೂಲೆಯಲ್ಲಿ ಕುಳಿತವನು

"ಗುರುಗಳೇ, ಹೆದರಿಸಿ ಒಳ್ಳೆಯದನ್ನು ಮಾಡಿಸಿದರೆ ಅದರಲ್ಲಿ ತಪ್ಪೇನು?" ಎಂದು ಅಡಿವೆಯ್ಯ ಕೇಳಿದ.

ಅಡಿವೆಯ್ಯ ಮಠದ ಹಿರಿಯ ಶಿಷ್ಯ. ಮಠದಲ್ಲಿದ್ದು ಓದುವ ಸಣ್ಣ ಮಕ್ಕಳ ಊಟದ ಪಂಕ್ತಿ ನೋಡಿಕೊಳ್ಳುವ ಕೆಲಸ ಆ ವರ್ಷ ಅವನ ಪಾಲಿಗೆ ಬಂದಿತ್ತು. ಮಕ್ಕಳು ಗದ್ದಲ ಮಾಡುತ್ತಾರೆ, ಅನ್ನ ಚೆಲ್ಲುತ್ತಾರೆ ಎಂದು ಮೊದಮೊದಲು ದಿನಾ ದೂರು ತರುತ್ತಿದ್ದವನು ಒಂದು ತಿಂಗಳಿಂದ ದೂರುವುದನ್ನು ಬಿಟ್ಟಿದ್ದ. ಈಗ ಪಂಕ್ತಿಯಲ್ಲಿ ಯಾರೂ ಪಿಟ್ಟೆನ್ನುತ್ತಿರಲಿಲ್ಲ.

"ಮೊದಲು ಒಬ್ಬ ವ್ಯಾಪಾರಿಯ ಕತೆ ಕೇಳು" ಎಂದರು ಗುರುಗಳು. "ತಪ್ಪು ಒಪ್ಪು ಆಮೇಲೆ ನೋಡೋಣ."

ಒಬ್ಬ ವ್ಯಾಪಾರಿ ಇದ್ದ. ಕುಬಸದ ಖಣಗಳ, ಅಂದರೆ ರವಿಕೆ ಬಟ್ಟೆಯ, ಗಂಟು ಹೊತ್ತು ಊರೂರು ತಿರುಗಿ ಮಾರುವವನು. ಹೆಂಡತಿ ತೀರಿಕೊಂಡಿದ್ದಳು. ನಾಲ್ಕು ವರ್ಷದ ಒಬ್ಬಳೇ ಮಗಳು. ಹೆಂಡತಿ ಕಣ್ಣು ಮುಚ್ಚುವ ಮುಂಚೆ ಹೇಳಿದ್ದು ಒಂದೇ ಮಾತು: "ಕೂಸಿನ ಹೊಟ್ಟಿ ನೋಡ್ಕೋರಿ." ಅವಳ ಅಕ್ಕ ಬಂದು ಕೂಸನ್ನು ತಾನು ಸಾಕುತ್ತೇನೆಂದಳು. ವ್ಯಾಪಾರಿ ಒಪ್ಪಲಿಲ್ಲ. "ನನ್ನ ಮಗಳನ್ನ ನಾ ಯಾರಿಗೂ ಕೊಡೂದಿಲ್ಲ" ಎಂದು ಒಂದು ಹೆಗಲಿಗೆ ಗಂಟು, ಇನ್ನೊಂದು ಹೆಗಲಿಗೆ ಮಗಳನ್ನು ಹಾಕಿಕೊಂಡು ಹೊರಟುಬಿಟ್ಟ. ಅವನಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ಇದನ್ನು ಮಾತ್ರ ನೆನಪಿಟ್ಟುಕೋ. ಪ್ರೀತಿ ಇಲ್ಲದವನ ಕತೆಯಾಗಿದ್ದರೆ ನಾನು ಹೇಳುತ್ತಲೇ ಇರಲಿಲ್ಲ.

ತಿರುಗುವವನಿಗೆ ಒಲೆ ಎಲ್ಲಿಂದ ಬರಬೇಕು? ಎರಡು ಹೊತ್ತೂ ಖಾನಾವಳಿಯ ಊಟ. ಒಂಟಿ ಗಂಡಸಿಗೆ ಖಾನಾವಳಿಯಂಥ ಸುಖ ಇನ್ನೊಂದಿಲ್ಲ. ಮಣೆಯ ಮೇಲೆ ಕುಳಿತರೆ ಸಾಕು, ಬಿಸಿ ರೊಟ್ಟಿ, ಪಲ್ಯ, ಸಾರು ತಾವಾಗಿ ತಾಟಿಗೆ ಬಂದು ಬೀಳುತ್ತವೆ. ಸಣ್ಣ ಕೂಸನ್ನು ಕರೆದುಕೊಂಡು ಹೋದವನ ಪಾಡು ಬೇರೆ. ಮನೆಯಲ್ಲಿ ಕೂಸು ಚೆಲ್ಲಿದರೆ ನೆಲ ಒರೆಸಿದರಾಯಿತು. ಖಾನಾವಳಿಯಲ್ಲಿ ಹತ್ತು ಜನರ ಕಣ್ಣು ತಿರುಗುತ್ತವೆ.

ಈ ಹುಡುಗಿಯೋ ಅಪ್ಪನಿಗೆ ಏಳು ಕೆರೆಯ ನೀರು ಕುಡಿಸುತ್ತಿದ್ದಳು. ತಂಬಿಗೆ ಉರುಳಿಸುವಳು. ಪಕ್ಕದವನ ತಾಟಿನ ಹಪ್ಪಳಕ್ಕೆ ಕೈ ಹಾಕುವಳು. ಬಡಿಸುವವಳ ಸೆರಗು ಹಿಡಿದು ಪಂಕ್ತಿಯ ಈ ತುದಿಯಿಂದ ಆ ತುದಿಗೆ ನಗುತ್ತಾ ಓಡುವಳು. ಅವಳ ಹಿಂದೆ ತುತ್ತು ಹಿಡಿದು ಓಡುವಷ್ಟರಲ್ಲಿ ಅಪ್ಪನ ರೊಟ್ಟಿ ಆರಿ ಹಲಗೆಯಾಗುತ್ತಿತ್ತು. ಉಣ್ಣುವವರು ಗೊಣಗುತ್ತಿದ್ದರು, "ತಾಯಿ ಇಲ್ಲದ ಕೂಸು, ನೋಡ್ರಿ ಹೆಂಗ ಬೆಳದೈತಿ." ಆ ಮಾತು ಕೇಳಿದಾಗ ವ್ಯಾಪಾರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮಗಳು ಅರೆಹೊಟ್ಟೆಯಲ್ಲಿ ಏಳುತ್ತಾಳೆ ಎಂಬ ಸಂಕಟ.

ಒಂದು ಮಧ್ಯಾಹ್ನ ಹೀಗೇ ಒಂದು ಖಾನಾವಳಿಯಲ್ಲಿ ಕುಳಿತಿದ್ದರು. ಮಗಳು ತುಟಿ ಬಿಗಿದಿದ್ದಳು. ಮೂಲೆಯಲ್ಲಿ ಒಬ್ಬ ಮನುಷ್ಯ ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿದ್ದ. ತಲೆಯ ಮೇಲೆ ಟವೆಲು ಹೊದ್ದಿದ್ದ. ಬೆನ್ನಷ್ಟೇ ಕಾಣುತ್ತಿತ್ತು. ವ್ಯಾಪಾರಿ ಬೆರಳು ಮಾಡಿ, ನಮ್ಮ ಕಡೆಯ ತಂದೆತಾಯಿಗಳೆಲ್ಲ ಆಡುವ ಮಾತನ್ನೇ ಆಡಿದ: "ಉಣ್ಣು. ಇಲ್ಲಂದ್ರ ಅಗಾ, ಅಲ್ಲಿ ಕುಂತಾನ ನೋಡು ಗುಮ್ಮ. ಅವಂಗ ಕೊಟ್ಟುಬಿಡ್ತೀನಿ."

ಹುಡುಗಿ ಮೂಲೆಯನ್ನು ನೋಡಿದಳು. ಅಪ್ಪನ ಮುಖ ನೋಡಿದಳು. ಬಾಯಿ ತೆರೆದಳು. ಒಂದಿಡೀ ರೊಟ್ಟಿ ಒಳಗೆ ಹೋಯಿತು.

ವ್ಯಾಪಾರಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಎಷ್ಟೋ ತಿಂಗಳ ಮೇಲೆ ಅವನೂ ಅವತ್ತು ಬಿಸಿ ರೊಟ್ಟಿ ಉಂಡ. ಅಂದಿನಿಂದ ಅದೇ ರೂಢಿಯಾಯಿತು. ಯಾವ ಖಾನಾವಳಿಗೆ ಹೋದರೂ ಒಂದು ಮೂಲೆ ಇದ್ದೇ ಇರುತ್ತದೆ, ಮೂಲೆಯಲ್ಲಿ ಯಾರಾದರೊಬ್ಬರು ಕುಳಿತೇ ಇರುತ್ತಾರೆ. ಅವರು ಯಾರು ಎಂದು ಅವನು ನೋಡಲಿಲ್ಲ, ಬೆರಳು ಮಾಡಿದ ಅಷ್ಟೆ. ಸ್ವಂತ ದೊಡ್ಡಮ್ಮನಿಗೆ ಕೊಡಲೊಲ್ಲದ ಮಗಳನ್ನು ದಿನಕ್ಕೆ ಎರಡು ಸಲ ಗುಮ್ಮನಿಗೆ ಕೊಡತೊಡಗಿದ. ಎಲುಬಿಲ್ಲದ ನಾಲಿಗೆ, ಅದಕ್ಕೇನು ಭಾರ?

ಮಗಳು ಮೈ ಕೈ ತುಂಬಿಕೊಂಡಳು. ಈಗ ತಂಬಿಗೆ ಉರುಳುತ್ತಿರಲಿಲ್ಲ, ಅಗುಳು ಚೆಲ್ಲುತ್ತಿರಲಿಲ್ಲ. "ಎಂಥಾ ಶ್ಯಾಣ್ಯಾ ಕೂಸು" ಎಂದು ಜನ ಹೊಗಳಿದರು. ಹೆಂಡತಿಗೆ ಕೊಟ್ಟ ಮಾತು ಉಳಿಸಿಕೊಂಡೆ ಎಂದು ವ್ಯಾಪಾರಿ ಬೀಗಿದ. ಹುಡುಗಿ ನಗುವುದನ್ನು ಬಿಟ್ಟಿದ್ದು ಮಾತ್ರ ಅವನ ಗಮನಕ್ಕೆ ಬರಲಿಲ್ಲ.

ಒಂದು ದಿನ ಬೇರೊಂದು ಊರಿನಲ್ಲಿ ಬೆರಳು ಮಾಡಲು ಹೋದವನ ಕೈ ಅರ್ಧಕ್ಕೇ ನಿಂತಿತು. ಮೂಲೆಯಲ್ಲಿದ್ದ ಬೆನ್ನು ಎಲ್ಲೋ ನೋಡಿದ ಬೆನ್ನು. ತಲೆಯ ಮೇಲಿನ ಟವೆಲು ಎಲ್ಲೋ ನೋಡಿದ ಟವೆಲು. ಇವನೂ ನನ್ನ ಹಾಗೆ ಸಂತೆ ತಿರುಗುವವನಿರಬೇಕು ಎಂದು ಸಮಾಧಾನ ಮಾಡಿಕೊಂಡ. ಆದರೂ ಯಾಕೋ ಮನಸ್ಸು ಒಪ್ಪದೆ, ಮರುದಿನ ತನ್ನ ವಾಡಿಕೆಯ ದಾರಿ ಬಿಟ್ಟು, ದೋಣಿಯಲ್ಲಿ ಹೊಳೆ ದಾಟಿ, ಹಿಂದೆಂದೂ ಕಾಲಿಡದ ಊರಿಗೆ ಹೋದ. ಅಲ್ಲಿ ಆ ವಾರವಷ್ಟೇ ಶುರುವಾದ ಹೊಸ ಖಾನಾವಳಿ. ಗೋಡೆಯ ಸುಣ್ಣ ಇನ್ನೂ ಹಸಿ ಇತ್ತು. ಮೂಲೆಯಲ್ಲಿ ಅದೇ ಬೆನ್ನು.

ಅವನ ಮುಂದೆ ತಾಟು ಇರಲಿಲ್ಲ. ಬಡಿಸುವವಳು ಎಲ್ಲರಿಗೂ ರೊಟ್ಟಿ ಹಾಕಿ, ಅವನ ಹತ್ತಿರ ಬಂದಾಗ ಅಲ್ಲಿ ಯಾರೂ ಇಲ್ಲದಂತೆ ತಿರುಗಿ ಹೋದಳು. ವ್ಯಾಪಾರಿ ಅವಳನ್ನು ಕರೆದು ಮೆಲ್ಲಗೆ ಕೇಳಿದ, "ಯವ್ವಾ, ಆ ಮೂಲ್ಯಾಗ ಕುಂತಾವ್ರು ಯಾರು?"

"ಎಲ್ಲಿ? ಅಲ್ಲಿ ನಾವು ಯಾರನ್ನೂ ಕೂಡ್ಸೂದಿಲ್ರೀ. ನಾಳೆ ಅಲ್ಲಿ ನೀರಿನ ಹಂಡೇವು ಇಡೂದೈತಿ" ಎಂದು ಹೇಳಿ ಅವಳು ಒಳಗೆ ಹೋದಳು.

ಅವತ್ತು ವ್ಯಾಪಾರಿ ಗುಮ್ಮನ ಹೆಸರೆತ್ತಲಿಲ್ಲ. ಎತ್ತುವ ಅಗತ್ಯವೂ ಬೀಳಲಿಲ್ಲ. ಮಗಳು ಮೂಲೆಯ ಮೇಲೆ ಕಣ್ಣಿಟ್ಟುಕೊಂಡೇ ತಾನಾಗಿ ಉಂಡು ಮುಗಿಸಿದಳು. ಹೊರಗೆ ದಾರಿಯಲ್ಲಿ ಅವನ ಬೆರಳು ಹಿಡಿದು ನಡೆಯುತ್ತಾ ಕೇಳಿದಳು, "ಅಪ್ಪಾ, ಅಂವ ನನ್ನ ಯಾವಾಗ ಒಯ್ತಾನ?"

"ನಿನ್ನ ಯಾರೂ ಒಯ್ಯೂದಿಲ್ಲ ನನ್ನವ್ವಾ. ನಾ ಸುಮ್ನ ಅಂದಿದ್ದೆ."

ಹುಡುಗಿ ಹೂಂ ಎಂದಳು. ದೊಡ್ಡವರ ಮನಸ್ಸು ನೋಯಬಾರದೆಂದು ಅನ್ನುವ ಹೂಂ ಅದು.

ಇನ್ನು ಖಾನಾವಳಿಯ ಹೊಸಲು ತುಳಿಯುವುದಿಲ್ಲ ಎಂದು ವ್ಯಾಪಾರಿ ನಿಶ್ಚಯಿಸಿದ. ಚುರುಮುರಿ, ಬಾಳೆಹಣ್ಣು, ಬೆಲ್ಲ ಕೊಂಡು ಬೇವಿನ ಮರದ ಕೆಳಗೆ ಮಗಳನ್ನು ಕೂರಿಸಿದ. ಮರದ ಕೆಳಗೆ ಮೂಲೆ ಎಲ್ಲಿಂದ ಬರಬೇಕು? ಆದರೆ ಹುಡುಗಿ ತುತ್ತು ಬಾಯಿಗೆ ತಂದಾಗಲೆಲ್ಲ ಸುತ್ತ ನೋಡುತ್ತಿದ್ದಳು. ಮೂಲೆಯವನನ್ನು ಹುಡುಕುತ್ತಿದ್ದಳು. ಅವನು ಕಾಣದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ಹಟ ಮಾಡಲಿಲ್ಲ, ಅಳಲಿಲ್ಲ. ಹೇಗೆ ಉಣ್ಣುವುದು ಎಂದೇ ಮರೆತವಳ ಹಾಗೆ ಕುಳಿತಿರುತ್ತಿದ್ದಳು. ಹೀಗೆ ಮೂರು ದಿನ ಕಳೆಯಿತು. ಮೂರನೆಯ ದಿನಕ್ಕೆ ಮಗಳ ಕಣ್ಣು ಗುಳಿ ಬಿದ್ದವು, ಕಾಲಲ್ಲಿ ಬಲ ಉಳಿಯಲಿಲ್ಲ. ವ್ಯಾಪಾರಿ ಎದೆ ಎದೆ ಬಡಿದುಕೊಂಡ. ನಾಲ್ಕನೆಯ ದಿನ ಮಧ್ಯಾಹ್ನ ಅವಳನ್ನು ಎತ್ತಿಕೊಂಡು ಮೊದಲು ಕಂಡ ಖಾನಾವಳಿಗೆ ನುಗ್ಗಿದ. ಮೂಲೆಯಲ್ಲಿ ಅವನು ಇರಲಿ ದೇವರೇ ಎಂದು ಬೇಡಿಕೊಂಡ. ಯೋಚಿಸು, ಎಂಥ ಬೇಡಿಕೆ ಅದು!

ಅವನು ಇದ್ದ. ಹುಡುಗಿ ಮೂಲೆಯನ್ನು ನೋಡಿದ್ದೇ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.

ಅಪ್ಪನಿಗೆ ತಡೆಯಲಾಗಲಿಲ್ಲ. ತಾಟು ಬಿಟ್ಟು ಎದ್ದು ಹೋಗಿ ಆ ಬೆನ್ನಿಗೆ ಕೈ ಮುಗಿದ. "ಯಪ್ಪಾ, ಕೂಸು ಉಣ್ಣಲಿ ಅಂತ ಬಾಯಿಮಾತಿಗೆ ಅಂದಿದ್ದು ನಾ. ನನ್ನ ಮಗಳನ್ನ ಒಯ್ಯಬ್ಯಾಡ."

ಬೆನ್ನು ತಿರುಗಲಿಲ್ಲ. ಗೋಡೆಯ ಕಡೆಯಿಂದ ಧ್ವನಿ ಬಂತು. ಸಿಟ್ಟಿಲ್ಲದ, ಸಾಧಾರಣ ಧ್ವನಿ. "ಬಾಯಿಮಾತು ಅಂತ ನನಗ ಕೇಳಿಸ್ಲಿಲ್ಲ. ಆಕಿಗೂ ಕೇಳಿಸ್ಲಿಲ್ಲ."

"ಹಂಗಾರ ಒಯ್ತೀಯೇನು?"

"ಇಲ್ಲ. ನಾ ಹೊಂಟೆ. ಇನ್ನ ನಾ ಬೇಕಾಗಿಲ್ಲ."

ಅವನು ಎದ್ದ. ಮುಖ ತೋರಿಸದೆ ಹಿಂದಿನ ಬಾಗಿಲಿನಿಂದ ಸುಡುಬಿಸಿಲಿಗೆ ಇಳಿದು ಹೋದ. ಅವನು ಕುಳಿತಿದ್ದ ಮಣೆಯ ಮೇಲೆ ಬೆರಳು ದಪ್ಪ ಧೂಳಿತ್ತು, ಅದರಲ್ಲಿ ಒಂದು ಗೆರೆ ಕೂಡ ಮೂಡಿರಲಿಲ್ಲ.

ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು. ಅದೇ ಮಣೆಯ ಮೇಲೆ ಕುಳಿತುಬಿಟ್ಟ. ಮಗಳು ಉಳಿದಳು ಎಂಬ ಸಂತೋಷಕ್ಕೆ ಅಳು ಬಂತು. ಮುಖ ಒರೆಸಿಕೊಂಡು, ತಿರುಗಿ, ಎರಡೂ ಕೈ ಚಾಚಿ ಕರೆದ: "ಬಾ ನನ್ನವ್ವಾ, ಅಂವ ಹೋದ. ಅಪ್ಪನ ಹತ್ರ ಬಾ."

ಹುಡುಗಿ ಮೂಲೆಯ ಕಡೆ ನೋಡಿದಳು. ಎದ್ದು ಬರಲಿಲ್ಲ. ಅವಳ ಕೈ ಅವಸರವಾಯಿತು. ರೊಟ್ಟಿಯನ್ನು ಅಗಿಯದೆ ನುಂಗಿದಳು, ಮತ್ತೊಂದು ಚೂರು ತುರುಕಿಕೊಂಡಳು. ಕಣ್ಣು ಅಪ್ಪನ ಮೇಲಿಂದ ಕದಲಲಿಲ್ಲ. ಅವನು ಇನ್ನಷ್ಟು ಮೆತ್ತಗೆ, ಇನ್ನಷ್ಟು ಪ್ರೀತಿಯಿಂದ ಕರೆದ. ಅವಳು ಇನ್ನಷ್ಟು ಬೇಗ ಉಂಡಳು. ಕೊನೆಗೆ ತಾಟನ್ನು ಬೆರಳಿನಿಂದ ಬಳಿದು, ಎರಡೂ ಕೈಯಲ್ಲಿ ಎತ್ತಿ, ಬರಿದಾಗಿದೆ ಎಂದು ಅವನಿಗೆ ತೋರಿಸಿದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

"ಗುರುಗಳೇ, ಮೂಲೆಯಲ್ಲಿ ಕುಳಿತಿದ್ದವನು ಯಾರು? ಅವನು ಎದ್ದು ಎಲ್ಲಿಗೆ ಹೋದ?" ಎಂದು ಅಡಿವೆಯ್ಯ ಕೇಳಿದ.

"ನಿನ್ನೆ ನಮ್ಮ ಪಂಕ್ತಿಯ ಮಕ್ಕಳು ಊಟ ಮುಗಿಸಿ ಬರಿದಾದ ತಾಟನ್ನು ಎತ್ತಿ ತೋರಿಸಿದ್ದು ಯಾರಿಗೆ, ಅಡಿವೆಯ್ಯ?" ಎಂದರು ಗುರುಗಳು.

"ನನಗೆ, ಗುರುಗಳೇ" ಎಂದ ಅಡಿವೆಯ್ಯ.