ಬಳೆಯೊಳಗಿನ ಬಣ್ಣ

“ಉಳಿಸಿಕೊಡುವ ಮನಸ್ಸಿಲ್ಲದಿದ್ದರೆ ದೇವರು ಕೊಡುವುದಾದರೂ ಏಕೆ, ಗುರುಗಳೇ?” ಎಂದು ಮರುಳಯ್ಯ ಕೇಳಿದ. ಆ ವರ್ಷವೇ ಅವನ ಹೆಂಡತಿ ತೀರಿಕೊಂಡಿದ್ದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ತಾನು ಹಾಕಿದ ಬಣ್ಣ ಬಿಡುವುದಿಲ್ಲ, ತನ್ನಂಥ ಮೀಸೆ ಪೇಟೆಯಲ್ಲಿಲ್ಲ ಎಂದು ಅವನಿಗೆ ಬಲು ಹೆಮ್ಮೆ. ಒಂದು ದಿನ ಬಟ್ಟೆ ಒಗೆಯುವಾಗ ಅವನ ಹೆಂಡತಿಯ ಬಳೆ ಜಾರಿ ಸಾಬೂನು ನೀರಿಗೆ ಬಿತ್ತು. ಎತ್ತಿದಳು. ಬಳೆಯ ತುಂಬ ತೆಳ್ಳನೆಯ ಪೊರೆ. ಅದರಲ್ಲಿ ಕೆಂಪು, ಹಸಿರು, ನೇರಳೆ ಹರಿದಾಡುತ್ತಿದ್ದವು.

“ಇದು ನನ್ನ ಯಾವ ಹಂಡೆಯಲ್ಲೂ ಇಲ್ಲವಲ್ಲೇ!” ಎಂದು ಬಣ್ಣಗಾರ ಬೆರಳಿಟ್ಟ. ಪೊರೆ ಟಪ್ಪೆಂದಿತು. ಬೆರಳು ಒದ್ದೆಯಾಯಿತು, ಬಣ್ಣ ಹತ್ತಲಿಲ್ಲ.

ಅವನು ನೆಟ್ಟಗೆ ಪೇಟೆಗೆ ಹೋದ. ಬರುವ ಸಂತೆಗೆ ಆ ಬಣ್ಣದ ಸೀರೆ ತರುತ್ತೇನೆ, ತಾರದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಎಲ್ಲರೆದುರು ಆಡಿಬಂದ. ಕ್ಷೌರಿಕ ಅಂದೇ ಕತ್ತಿ ಮಸೆದಿಟ್ಟ.

ಬಣ್ಣ ನಿಲ್ಲಲೆಂದು ಬಣ್ಣಗಾರರು ಪಟಿಕ ಹಾಕುತ್ತಾರೆ. ಇವನೂ ಹಾಕಿದ. ಸಾಬೂನು ನೀರು ಕೆಟ್ಟ ಹಾಲಿನಂತೆ ಒಡೆಯಿತು. ಗೋಂದು ಕುಟ್ಟಿ ಕಲಸಿದ. ಪೊರೆಯೇನೋ ದಪ್ಪಗೆ ನಿಂತಿತು. ನೋಡಿದರೆ ಗಂಜಿಯ ಬಣ್ಣ. ಇನ್ನಷ್ಟು ಕುಟ್ಟಿದ.

ಹೆಂಡತಿ ದಿನವೂ ಬಳೆ ಅದ್ದಿ ಎತ್ತುತ್ತಿದ್ದಳು. “ಬನ್ನಿ, ನೋಡಿ” ಎಂದು ಕರೆಯುತ್ತಿದ್ದಳು.

“ಸುಮ್ಮನಿರೇ, ಇಲ್ಲಿ ಮೀಸೆ ಹೋಗುತ್ತಿದೆ!”

ಪೊರೆಗೆ ಎರಡು ಮೈ, ಮರುಳಯ್ಯ. ಎರಡರಿಂದಲೂ ಬೆಳಕು ಮರಳುತ್ತದೆ. ಮೈಗೆ ಮೈ ಹತ್ತಿರವಿದ್ದರೆ ಆ ಎರಡು ಬೆಳಕು ಕೂಡಿ ಬಣ್ಣ ಕಾಣುತ್ತದೆ. ಅವನು ನಡುವೆ ಗೋಂದು ತುಂಬುತ್ತಿದ್ದ.

ಸಂತೆಯ ದಿನ ಗೋಂದು ಮುಗಿಯಿತು. ಬೇರೆ ಕೆಲಸವಿಲ್ಲದೆ ಅವನು ಹೆಂಡತಿಯ ಪಕ್ಕ ಕುಳಿತ. ಅವಳು ಕಪ್ಪು ಕಂಬಳಿಯ ಮುಂದೆ ಬಳೆಯನ್ನು ನೆಟ್ಟಗೆ ಹಿಡಿದಳು. ನೀರು ಕೆಳಗಿಳಿದು ಪೊರೆ ತೆಳ್ಳಗಾಯಿತು. ಬಣ್ಣಗಳು ಪಟ್ಟೆಪಟ್ಟೆಯಾಗಿ ಇಳಿದವು. ಮೇಲಂಚು ಕಪ್ಪಾಯಿತು.

“ಈಗ ಹೋಗುತ್ತೆ, ರೀ” ಎಂದು ಅವಳು ಪಿಸುಗುಟ್ಟಿದಳು.

ಪೊರೆಗೆ ತಾಗಿಬಿಟ್ಟೀತೆಂದು ಅವನು ಎರಡು ಕೈಯಲ್ಲೂ ಮೀಸೆಯನ್ನು ಹಿಂದಕ್ಕೆ ಹಿಡಿದು, ಉಸಿರು ಕಟ್ಟಿ ನೋಡಿದ. ಪೊರೆ ಒಡೆಯಿತು. ಮೂಗಿಗೆ ಸಾಬೂನು ಸಿಡಿದು ಸೀನಿದ. ಅವಳು ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ನಗುತ್ತಲೇ ಹೋಗಿ ಕ್ಷೌರಿಕನ ಮುಂದೆ ಕುಳಿತ.

ಮರುಳಯ್ಯನಿಗೂ ನಗು ಬಂತು. “ಪಾಪ, ಬಣ್ಣವೂ ಸಿಗಲಿಲ್ಲ, ಮೀಸೆಯೂ ಉಳಿಯಲಿಲ್ಲ” ಎಂದ.

ಗುರುಗಳು ಕೇಳಿದರು: “ನಿನ್ನವಳು ಬನ್ನಿ, ನೋಡಿ ಎಂದು ಕರೆದಾಗ ನೀನು ಏನು ಕುಟ್ಟುತ್ತಿದ್ದೆ, ಮರುಳಯ್ಯ?”